ಪೋರ್ಟ್ ತೆರೆಯದೆ ವೆಬ್ ಅಪ್ಲಿಕೇಶನ್ ಪರೀಕ್ಷಿಸುವುದು

ವೆಬ್ ಅಪ್ಲಿಕೇಶನ್ ಒಂದನ್ನು ಪರೀಕ್ಷಿಸಬೇಕಾದರೆ ಮೊದಲು ಅದು ಎಲ್ಲಾದರೂ ಓಡುತ್ತಿರಬೇಕು ಎಂದು ಬಹಳಷ್ಟು ಮಂದಿ ನಂಬಿದ್ದಾರೆ. ಸರ್ವರ್ ಚಾಲೂ ಆಗಬೇಕು, ಅದು ಒಂದು ಪೋರ್ಟಿನಲ್ಲಿ (ಯಂತ್ರ ಸಂಪರ್ಕ ಸ್ವೀಕರಿಸುವ, ಸಂಖ್ಯೆಯುಳ್ಳ ಬಾಗಿಲು) ಕಾದು ಕುಳಿತಿರಬೇಕು, ಆಮೇಲೆ ಬ್ರೌಸರೋ ಸ್ಕ್ರಿಪ್ಟೋ ಆ ವಿಳಾಸಕ್ಕೆ ಹೋಗಿ ಪುಟ ಕೇಳಬೇಕು. ಕೈಯಿಂದ ಒಂದೆರಡು ಪುಟ ನೋಡುವಾಗ ಇದರಿಂದ ತೊಂದರೆಯಿಲ್ಲ. ನೂರಾರು ಪರೀಕ್ಷೆಗಳನ್ನು ಯಂತ್ರವೇ ದಿನಕ್ಕೆ ಹತ್ತಾರು ಬಾರಿ ನಡೆಸಬೇಕಾದಾಗ ಮಾತ್ರ ಈ ನಂಬಿಕೆ ದುಬಾರಿಯಾಗುತ್ತದೆ. ಅದು ನಿಜವೂ ಅಲ್ಲ. ಅಪ್ಲಿಕೇಶನ್ ಬೇರೆ, ಅದನ್ನು ಜಾಲಕ್ಕೆ ಜೋಡಿಸುವ ಸರ್ವರ್ ಬೇರೆ. ಎರಡರ ನಡುವಿನ ಗೆರೆ ಎಲ್ಲಿದೆ ಎಂದು ತಿಳಿದವರು ಸರ್ವರನ್ನು ಬದಿಗಿಟ್ಟು ಅಪ್ಲಿಕೇಶನನ್ನೇ ನೇರವಾಗಿ ಮಾತನಾಡಿಸಬಹುದು.

ಸರ್ವರ್ ಓಡಿಸಿ ಪರೀಕ್ಷಿಸುವ ಸ್ಕ್ರಿಪ್ಟ್ ಏನೇನು ಮಾಡಬೇಕಾಗುತ್ತದೆ ಎಂದು ಮೊದಲು ನೋಡೋಣ. ಸರ್ವರನ್ನು ಬೇರೊಂದು ಪ್ರೊಸೆಸ್ (ತನ್ನಷ್ಟಕ್ಕೆ ಓಡುವ ಪ್ರೋಗ್ರಾಮ್) ಆಗಿ ಆರಂಭಿಸಬೇಕು. ಅದು ಕೋರಿಕೆ ಸ್ವೀಕರಿಸಲು ಸಿದ್ಧವಾಯಿತೇ ಎಂದು ತಿಳಿಯಬೇಕು. ಅದಕ್ಕೆ ಸರಿಯಾದ ದಾರಿ ಹುಡುಕುವ ಬದಲು ಬಹಳ ಕಡೆ ‘ಐದು ಸೆಕೆಂಡ್ ಕಾಯಿರಿ’ ಎಂಬ ಸಾಲು ಬರೆದಿರುತ್ತಾರೆ. ವೇಗದ ಯಂತ್ರದಲ್ಲಿ ಆ ಐದು ಸೆಕೆಂಡ್ ವ್ಯರ್ಥ. ನಿಧಾನದ ಯಂತ್ರದಲ್ಲಿ ಅದು ಸಾಲದು, ಪರೀಕ್ಷೆ ಕಾರಣವಿಲ್ಲದೆ ಸೋಲುತ್ತದೆ. ಆಯ್ಕೆ ಮಾಡಿದ ಪೋರ್ಟನ್ನು ಬೇರೆ ಯಾವುದೋ ಪ್ರೋಗ್ರಾಮ್ ಹಿಡಿದುಕೊಂಡಿದ್ದರೆ ‘ವಿಳಾಸ ಈಗಾಗಲೇ ಬಳಕೆಯಲ್ಲಿದೆ’ ಎಂಬ ದೋಷ ಬರುತ್ತದೆ. ಒಂದೇ ಯಂತ್ರದಲ್ಲಿ ಎರಡು ಪರೀಕ್ಷಾ ಸರಣಿಗಳು ಏಕಕಾಲಕ್ಕೆ ನಡೆದರೆ ಪೋರ್ಟಿಗಾಗಿ ಒಂದರ ಕಾಲು ಇನ್ನೊಂದು ತುಳಿಯುತ್ತದೆ. ಪರೀಕ್ಷೆ ಅರ್ಧದಲ್ಲಿ ನಿಂತರೆ ಸರ್ವರ್ ಅನಾಥ ಪ್ರೊಸೆಸ್ ಆಗಿ ಹಿಂದೆ ಉಳಿದು, ಮುಂದಿನ ಸಲ ಹಳೆಯ ಕೋಡಿನಿಂದಲೇ ಉತ್ತರ ಕೊಡುತ್ತಿರುತ್ತದೆ. ಸರಿಪಡಿಸಿದ ದೋಷ ಇನ್ನೂ ಯಾಕೆ ಕಾಣುತ್ತಿದೆ ಎಂದು ತಲೆ ಕೆಡಿಸಿಕೊಳ್ಳುವ ಸಂದರ್ಭ ಹೀಗೆ ಹುಟ್ಟುತ್ತದೆ.

ಇವೆಲ್ಲ ಕಿರಿಕಿರಿಗಳು. ನಿಜವಾದ ಸಮಸ್ಯೆ ಇನ್ನೂ ಆಳದಲ್ಲಿದೆ: ಪರೀಕ್ಷೆ ಒಂದು ಪ್ರೊಸೆಸ್‌ನಲ್ಲಿ, ಅಪ್ಲಿಕೇಶನ್ ಇನ್ನೊಂದರಲ್ಲಿ. ನಡುವೆ ಗೋಡೆ. ಪರೀಕ್ಷೆಯು ಡೇಟಾಬೇಸ್‌ಗೆ ಒಬ್ಬ ಬಳಕೆದಾರನನ್ನು ಸೇರಿಸಿ ಇನ್ನೂ ಕಮಿಟ್ ಮಾಡಿರದಿದ್ದರೆ, ಅಂದರೆ ಖಾಯಂ ಆಗಿ ಉಳಿಸಿರದಿದ್ದರೆ, ಆ ಕಡೆಯ ಅಪ್ಲಿಕೇಶನ್‌ಗೆ ಅವನು ಕಾಣುವುದಿಲ್ಲ. ಕಮಿಟ್ ಮಾಡಿದರೆ ಪರೀಕ್ಷೆ ಮುಗಿದ ಮೇಲೆ ಅವನನ್ನು ಹುಡುಕಿ ಅಳಿಸಬೇಕು. ಅಪ್ಲಿಕೇಶನ್ ಒಳಗೆ ಎಕ್ಸೆಪ್ಶನ್ (ಓಡುವಾಗ ಏಳುವ ದೋಷ) ಎದ್ದರೆ ಪರೀಕ್ಷೆಗೆ ಕಾಣುವುದು ‘500’ ಎಂಬ ಮೂರು ಅಂಕಿಗಳು ಮಾತ್ರ. ಯಾವ ಫೈಲಿನ ಯಾವ ಸಾಲಿನಲ್ಲಿ ಏನಾಯಿತು ಎಂಬುದು ಬೇರೆಲ್ಲೋ ಇರುವ ಲಾಗ್ ಫೈಲಿನಲ್ಲಿ ಹೂತಿರುತ್ತದೆ. ಇಂದು ಫೆಬ್ರವರಿ 29 ಎಂದು ನಂಬಿಸಿ ಅಪ್ಲಿಕೇಶನ್ ಹೇಗೆ ವರ್ತಿಸುತ್ತದೆ ಎಂದು ನೋಡಲು ಸುಲಭವಾದ ಮಾರ್ಗವಿಲ್ಲ, ಏಕೆಂದರೆ ಗಡಿಯಾರ ಆ ಕಡೆಯ ಪ್ರೊಸೆಸ್‌ನದು.

ಸರ್ವರ್ ನಿಜವಾಗಿ ಮಾಡುವ ಕೆಲಸ

ಹಾಗಾದರೆ ಸರ್ವರ್ ಮಾಡುವುದೇನು? ಸಾಕೆಟ್ ಎಂಬ ಜಾಲ ಸಂಪರ್ಕದ ತುದಿಯನ್ನು ತೆರೆಯುತ್ತದೆ. ಜಾಲದಿಂದ ಬರುವ ಬೈಟ್‌ಗಳನ್ನು ಓದುತ್ತದೆ. ಆ ಬೈಟ್‌ಗಳಲ್ಲಿರುವ ಎಚ್‌ಟಿಟಿಪಿ ಪಠ್ಯವನ್ನು ಬಿಡಿಸಿ, ಇದು ಗೆಟ್ ಕೋರಿಕೆಯೋ ಪೋಸ್ಟ್ ಕೋರಿಕೆಯೋ, ಯಾವ ಪಥಕ್ಕೆ, ಯಾವ ಹೆಡರ್‌ಗಳೊಡನೆ ಎಂದು ಗುರುತಿಸುತ್ತದೆ. ಈ ವಿವರಗಳನ್ನೆಲ್ಲ ಒಂದು ಅಚ್ಚುಕಟ್ಟಾದ ರಚನೆಯಲ್ಲಿ ತುಂಬಿ ಅಪ್ಲಿಕೇಶನ್ ಕೈಗೆ ಕೊಡುತ್ತದೆ. ಅಪ್ಲಿಕೇಶನ್ ಯೋಚಿಸಿ ಉತ್ತರ ಹಿಂದಿರುಗಿಸುತ್ತದೆ. ಆ ಉತ್ತರವನ್ನು ಸರ್ವರ್ ಮತ್ತೆ ಬೈಟ್‌ಗಳಾಗಿಸಿ ಜಾಲಕ್ಕೆ ಬರೆಯುತ್ತದೆ. ನಮ್ಮ ತಂಡ ಬರೆದ ಕೋಡ್ ಇರುವುದು ಮಧ್ಯದ ಆ ಒಂದು ಹೆಜ್ಜೆಯಲ್ಲಿ. ಹಿಂದುಮುಂದಿನ ಹೆಜ್ಜೆಗಳನ್ನು ಬೇರೆಯವರು ಬರೆದಿದ್ದಾರೆ, ಬೇರೆಯವರು ಪರೀಕ್ಷಿಸಿದ್ದಾರೆ, ಲಕ್ಷಾಂತರ ಜಾಲತಾಣಗಳು ಅವುಗಳ ಮೇಲೆ ನಿಂತಿವೆ.

ಹೀಗೆ ನೋಡಿದರೆ ಇಡೀ ವೆಬ್ ಅಪ್ಲಿಕೇಶನ್ ಒಂದು ಫಂಕ್ಷನ್: ಕೋರಿಕೆ ಒಳಗೆ, ಉತ್ತರ ಹೊರಗೆ. ಫಂಕ್ಷನ್ ಒಂದನ್ನು ಕರೆಯಲು ಜಾಲ ಬೇಕಾಗಿಲ್ಲ.

ಈ ನೋಟಕ್ಕೆ ದೀರ್ಘ ಇತಿಹಾಸವಿದೆ. 1993ರಲ್ಲಿ ರೂಪುಗೊಂಡ ಸಿಜಿಐ ಪದ್ಧತಿಯಲ್ಲಿ ಸರ್ವರ್ ಪ್ರತಿಯೊಂದು ಕೋರಿಕೆಗೂ ಒಂದು ಪ್ರೋಗ್ರಾಮನ್ನು ಓಡಿಸುತ್ತಿತ್ತು. ಕೋರಿಕೆಯ ವಿವರಗಳು ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಲ್ಲಿ, ಫಾರ್ಮಿನಲ್ಲಿ ತುಂಬಿದ ಮಾಹಿತಿ ಸ್ಟ್ಯಾಂಡರ್ಡ್ ಇನ್‌ಪುಟ್‌ನಲ್ಲಿ. ಉತ್ತರವನ್ನು ಪ್ರೋಗ್ರಾಮ್ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಮುದ್ರಿಸುತ್ತಿತ್ತು. ಅಂದರೆ ನಾಲ್ಕು ವೇರಿಯಬಲ್‌ಗಳನ್ನು ಕೈಯಿಂದ ತುಂಬಿ ಟರ್ಮಿನಲ್‌ನಲ್ಲಿ ಆ ಪ್ರೋಗ್ರಾಮನ್ನು ಓಡಿಸಿದರೆ ಸರ್ವರ್ ಇಲ್ಲದೆಯೇ ಪುಟ ಪರದೆಯ ಮೇಲೆ ಮೂಡುತ್ತಿತ್ತು. ಸಿಜಿಐ ನಿಧಾನವೆಂದು ಹಿಂದೆ ಸರಿಯಿತು. ಅದು ಎಳೆದ ಗೆರೆ ಮಾತ್ರ ಅಳಿಯಲಿಲ್ಲ.

2003ರಲ್ಲಿ ಫಿಲಿಪ್ ಜೆ. ಈಬಿ ಪೈಥಾನ್ ಸಮುದಾಯದ ಮುಂದೆ ಪೆಪ್ 333 ಎಂಬ ಪ್ರಸ್ತಾವ ಇಟ್ಟರು. ಸರ್ವರ್ ಅಪ್ಲಿಕೇಶನನ್ನು ಹೇಗೆ ಕರೆಯಬೇಕು ಎಂದು ಹೇಳುವ ಡಬ್ಲ್ಯುಎಸ್‌ಜಿಐ ಎಂಬ ಒಪ್ಪಂದ ಅದರಿಂದ ಹುಟ್ಟಿತು. ಪೈಥಾನ್ 3ಕ್ಕೆ ಹೊಂದುವಂತೆ 2010ರಲ್ಲಿ ಪೆಪ್ 3333 ಬಂದಿತು. ರೂಬಿಯಲ್ಲಿ 2007ರಲ್ಲಿ ರ್‍ಯಾಕ್, ಪರ್ಲ್‌ನಲ್ಲಿ 2009ರಲ್ಲಿ ಪಿಎಸ್‌ಜಿಐ ಅದೇ ಜಾಡಿನಲ್ಲಿ ಬಂದವು. ಯಾವುದೇ ಫ್ರೇಮ್‌ವರ್ಕ್ (ಅಪ್ಲಿಕೇಶನ್ ಕಟ್ಟಲು ಬಳಸುವ ಸಿದ್ಧ ಚೌಕಟ್ಟು) ಯಾವುದೇ ಸರ್ವರ್ ಜೊತೆ ಕೆಲಸ ಮಾಡುವಂತಾಗಬೇಕು ಎಂಬುದು ಇವುಗಳ ಮೂಲ ಉದ್ದೇಶ. ಆದರೆ ಯಾವ ಸರ್ವರ್ ಬೇಕಾದರೂ ಅಪ್ಲಿಕೇಶನನ್ನು ಕರೆಯಬಹುದು ಎಂದಾದ ಮೇಲೆ ಪರೀಕ್ಷೆಯ ಕೋಡ್ ಕೂಡ ಸರ್ವರ್‌ನ ಜಾಗದಲ್ಲಿ ನಿಂತು ಕರೆಯಬಹುದು. ಪರೀಕ್ಷೆ ಬರೆಯುವವರಿಗೆ ಈ ಒಪ್ಪಂದಗಳು ಕೊಟ್ಟ ಅತಿ ದೊಡ್ಡ ಕೊಡುಗೆ ಇದೇ ಎಂದು ನಾನು ಭಾವಿಸುತ್ತೇನೆ.

ಕೈಯಿಂದಲೇ ಒಂದು ಕೋರಿಕೆ

ಡಬ್ಲ್ಯುಎಸ್‌ಜಿಐ ಒಪ್ಪಂದ ಎಷ್ಟು ಸರಳವೆಂದರೆ ಅದನ್ನು ಮಾತಿನಲ್ಲೇ ವಿವರಿಸಬಹುದು. ಅಪ್ಲಿಕೇಶನ್ ಎಂದರೆ ಎರಡು ಆರ್ಗ್ಯುಮೆಂಟ್ ಪಡೆಯುವ, ಫಂಕ್ಷನ್‌ನಂತೆ ಕರೆಯಬಹುದಾದ ವಸ್ತು. ಮೊದಲನೆಯದು ‘ಎನ್ವಿರಾನ್’ ಎಂಬ ಡಿಕ್ಷನರಿ. ಎರಡನೆಯದು ‘ಸ್ಟಾರ್ಟ್ ರೆಸ್ಪಾನ್ಸ್’ ಎಂಬ ಫಂಕ್ಷನ್. ಉತ್ತರದ ಸ್ಥಿತಿ ಮತ್ತು ಹೆಡರ್‌ಗಳು ಸಿದ್ಧವಾದಾಗ ಅಪ್ಲಿಕೇಶನ್ ಇದನ್ನು ಕರೆದು ಅವುಗಳನ್ನು ಒಪ್ಪಿಸುತ್ತದೆ. ಉತ್ತರದ ಒಡಲನ್ನು ಬೈಟ್‌ಗಳ ಸಾಲಾಗಿ ಹಿಂದಿರುಗಿಸುತ್ತದೆ.

ನೋಂದಣಿ ಪುಟವೊಂದಕ್ಕೆ ಫಾರ್ಮ್ ಕಳುಹಿಸಿದಂತೆ ಮಾಡಬೇಕೆಂದು ಇಟ್ಟುಕೊಳ್ಳೋಣ. ಡಿಕ್ಷನರಿಯಲ್ಲಿ ಕೋರಿಕೆಯ ವಿಧಾನ ಪೋಸ್ಟ್ ಎಂದು ಬರೆಯುತ್ತೇವೆ. ಪಥದ ಜಾಗದಲ್ಲಿ ನೋಂದಣಿ ಪುಟದ ಪಥ. ಪ್ರಶ್ನಾ ಚಿಹ್ನೆಯ ನಂತರ ಬರುವ ಕ್ವೆರಿ ಸ್ಟ್ರಿಂಗ್ ಖಾಲಿ. ಸರ್ವರ್ ಹೆಸರು, ಪೋರ್ಟ್ ಸಂಖ್ಯೆ ಎರಡನ್ನೂ ತುಂಬಲೇಬೇಕು, ಆದರೆ ಅಲ್ಲಿ ನಿಜವಾದ ಸರ್ವರ್ ಇರಬೇಕಿಲ್ಲ. ಜಾಂಗೋ ಫ್ರೇಮ್‌ವರ್ಕಿನ ಪರೀಕ್ಷಾ ಕ್ಲೈಂಟ್ ‘ಟೆಸ್ಟ್‌ಸರ್ವರ್’ ಎಂಬ ಹೆಸರನ್ನು ಹಾಕುತ್ತದೆ. ಫಾರ್ಮಿನ ಮಾಹಿತಿಯನ್ನು ಬೈಟ್‌ಗಳಾಗಿಸಿ ಮೆಮೊರಿಯಲ್ಲೇ ಇರುವ, ಫೈಲಿನಂತೆ ಓದಬಹುದಾದ ವಸ್ತುವೊಂದರಲ್ಲಿ ಇಟ್ಟು ‘ಇನ್‌ಪುಟ್’ ಎಂಬ ಕೀಲಿಗೆ ಕಟ್ಟುತ್ತೇವೆ. ಇಲ್ಲಿ ಒಂದು ಎಚ್ಚರ ಬೇಕು: ಮಾಹಿತಿಯ ಉದ್ದವನ್ನು ಕಂಟೆಂಟ್ ಲೆಂತ್ ಎಂಬ ಕೀಲಿಯಲ್ಲಿ ಬರೆಯದೆ ಹೋದರೆ ಅನೇಕ ಫ್ರೇಮ್‌ವರ್ಕ್‌ಗಳು ಒಡಲೇ ಇಲ್ಲವೆಂದು ತಿಳಿದು ಖಾಲಿ ಫಾರ್ಮ್ ಕಾಣುತ್ತವೆ. ಬ್ರೌಸರಿನ ಹೆಡರ್‌ಗಳು ‘ಎಚ್‌ಟಿಟಿಪಿ’ ಎಂಬ ಪೂರ್ವಪದದೊಡನೆ, ಹೈಫನ್ ಇದ್ದಲ್ಲಿ ಅಂಡರ್‌ಸ್ಕೋರ್ ಆಗಿ, ದೊಡ್ಡಕ್ಷರಗಳಲ್ಲಿ ಡಿಕ್ಷನರಿಯನ್ನು ಸೇರುತ್ತವೆ. ಇಷ್ಟಾದ ಮೇಲೆ ಅಪ್ಲಿಕೇಶನನ್ನು ಕರೆದರೆ ಆಯಿತು. ಬೇರೆ ಪುಟಕ್ಕೆ ಹೋಗು ಎಂಬ ಸ್ಥಿತಿ ‘302’ ಬಂದು, ಲೊಕೇಶನ್ ಹೆಡರ್‌ನಲ್ಲಿ ಸ್ವಾಗತ ಪುಟದ ವಿಳಾಸ ಇದ್ದು, ಡೇಟಾಬೇಸಿನಲ್ಲಿ ಹೊಸ ಸಾಲು ಸೇರಿದ್ದರೆ ನೋಂದಣಿ ಕೆಲಸ ಮಾಡುತ್ತಿದೆ. ಒಂದೇ ಒಂದು ಬೈಟ್ ಕೂಡ ಜಾಲಕ್ಕೆ ಹೋಗಿಲ್ಲ.

ಇದನ್ನು ಪ್ರತಿ ಪರೀಕ್ಷೆಯಲ್ಲೂ ಕೈಯಿಂದ ಬರೆಯುವುದು ಯಾರಿಗೂ ಬೇಡ. ಆದ್ದರಿಂದ ಅನೇಕ ಫ್ರೇಮ್‌ವರ್ಕ್‌ಗಳು ಪರೀಕ್ಷಾ ಕ್ಲೈಂಟ್ ಎಂಬ ಉಪಕರಣವನ್ನು ಕೊಡುತ್ತವೆ. ಅದು ಡಿಕ್ಷನರಿ ಕಟ್ಟುತ್ತದೆ, ಫಾರ್ಮಿನ ಮಾಹಿತಿಯನ್ನು ಎನ್‌ಕೋಡ್ ಮಾಡುತ್ತದೆ, ಉತ್ತರದಲ್ಲಿ ಬಂದ ಕುಕಿಗಳನ್ನು ನೆನಪಿಟ್ಟುಕೊಂಡು ಮುಂದಿನ ಕೋರಿಕೆಯೊಡನೆ ಕಳುಹಿಸುತ್ತದೆ. ಲಾಗಿನ್ ಆಗಿ, ಪುಟ ತೆರೆದು, ಲಾಗೌಟ್ ಆಗುವ ಇಡೀ ಸರಪಳಿಯನ್ನು ಹೀಗೆ ಪರೀಕ್ಷಿಸಬಹುದು. ಪೈಥಾನ್‌ನ ಜಾಂಗೋ, ಫ್ಲಾಸ್ಕ್ ಎರಡರಲ್ಲೂ ಇದು ಒಳಗೇ ಇದೆ. ರೂಬಿಯಲ್ಲಿ ರ್‍ಯಾಕ್ ಟೆಸ್ಟ್ ಇದೆ. ಜಾವಾ ಬಳಸುವವರಿಗೆ ಸ್ಪ್ರಿಂಗ್ ಫ್ರೇಮ್‌ವರ್ಕಿನ 3.2ನೇ ಆವೃತ್ತಿಯಿಂದ ಮಾಕ್ ಎಂವಿಸಿ ಸಿಕ್ಕಿತು. ಮೈಕ್ರೋಸಾಫ್ಟ್‌ನ ಎಎಸ್‌ಪಿ ಡಾಟ್‌ನೆಟ್ ಕೋರ್‌ನಲ್ಲಿ ಟೆಸ್ಟ್‌ಸರ್ವರ್ ಎಂಬ ವರ್ಗವಿದೆ. ಹೆಸರಿನಲ್ಲಿ ಸರ್ವರ್ ಇದ್ದರೂ ಅದು ಕೋರಿಕೆಗಳನ್ನು ಮೆಮೊರಿಯಲ್ಲೇ ಸಾಗಿಸುತ್ತದೆ.

ಗೋ ಭಾಷೆಯ ಮಾರ್ಗ ನನಗೆ ವಿಶೇಷವಾಗಿ ಹಿಡಿಸುತ್ತದೆ. ಅಲ್ಲಿ ಕೋರಿಕೆಗೆ ಉತ್ತರಿಸುವ ಪ್ರತಿಯೊಂದು ವಸ್ತುವೂ ಒಂದೇ ಒಂದು ಮೆಥಡ್ ಇರುವ ಹ್ಯಾಂಡ್ಲರ್ ಎಂಬ ಇಂಟರ್‌ಫೇಸನ್ನು ಪಾಲಿಸುತ್ತದೆ: ಉತ್ತರ ಬರೆಯಲು ಒಂದು ರೈಟರ್, ಓದಲು ಒಂದು ಕೋರಿಕೆ. ಭಾಷೆಯ ಜೊತೆಗೇ ಬರುವ ಎಚ್‌ಟಿಟಿಪಿಟೆಸ್ಟ್ ಪ್ಯಾಕೇಜ್ ರೆಕಾರ್ಡರ್ ಎಂಬ ರೈಟರನ್ನು ಕೊಡುತ್ತದೆ. ಬರೆದದ್ದನ್ನೆಲ್ಲ ಅದು ಜಾಲಕ್ಕೆ ಕಳುಹಿಸದೆ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಯಾವ ಫ್ರೇಮ್‌ವರ್ಕೂ ಬೇಕಾಗಿಲ್ಲ. ನಿಜವಾದ ಸಾಕೆಟ್ ಬೇಕೆನಿಸಿದರೆ ಅದೇ ಪ್ಯಾಕೇಜಿನಲ್ಲಿ ಪುಟ್ಟ ಸರ್ವರ್ ಕೂಡ ಇದೆ.

ನೋಡ್ ಜಗತ್ತಿನಲ್ಲಿ ಒಂದು ಸೂಕ್ಷ್ಮವಿದೆ. ಎಕ್ಸ್‌ಪ್ರೆಸ್ ಬಳಸುವವರ ನೆಚ್ಚಿನ ಸೂಪರ್‌ಟೆಸ್ಟ್ ಗ್ರಂಥಾಲಯ ಸರ್ವರ್ ಇಲ್ಲದೆ ಪರೀಕ್ಷಿಸುತ್ತದೆ ಎಂದು ಅನೇಕರು ತಿಳಿದಿದ್ದಾರೆ. ನಿಜದಲ್ಲಿ ಅದು ಆಪರೇಟಿಂಗ್ ಸಿಸ್ಟಮ್ ಆ ಕ್ಷಣಕ್ಕೆ ಕೊಡುವ ತಾತ್ಕಾಲಿಕ ಪೋರ್ಟ್ ಒಂದನ್ನು ಸದ್ದಿಲ್ಲದೆ ತೆರೆಯುತ್ತದೆ. ಪ್ರೊಸೆಸ್ ಒಂದೇ ಆದ್ದರಿಂದ ಅನುಕೂಲಗಳು ಬಹುತೇಕ ಅವೇ. ಫಾಸ್ಟಿಫೈ ಮತ್ತು ಹ್ಯಾಪಿ ಫ್ರೇಮ್‌ವರ್ಕ್‌ಗಳ ‘ಇಂಜೆಕ್ಟ್’ ಮಾತ್ರ ಸಾಕೆಟ್ ಮುಟ್ಟದೆಯೇ ಕೋರಿಕೆಯನ್ನು ಒಳಕ್ಕೆ ಸೇರಿಸುತ್ತದೆ.

ಗೋಡೆ ಬಿದ್ದಾಗ ಸಿಗುವುದು

ಈ ವಿಧಾನದ ಗುಣ ಹೇಳುವಾಗ ಎಲ್ಲರೂ ವೇಗವನ್ನೇ ಮುಂದಿಡುತ್ತಾರೆ. ವೇಗ ಇದೆ, ನಿಜ. ಸಂಪರ್ಕ ಕಟ್ಟುವ, ಕಾಯುವ, ಮುಚ್ಚುವ ಹೊರೆ ಇಲ್ಲ. ಆದರೆ ನನ್ನ ದೃಷ್ಟಿಯಲ್ಲಿ ಪರೀಕ್ಷೆಯೂ ಅಪ್ಲಿಕೇಶನ್ನೂ ಒಂದೇ ಪ್ರೊಸೆಸ್‌ನಲ್ಲಿ ಇರುವುದೇ ದೊಡ್ಡ ಲಾಭ.

ಡೇಟಾಬೇಸನ್ನೇ ತೆಗೆದುಕೊಳ್ಳಿ. ಜಾಂಗೋದ ಟೆಸ್ಟ್‌ಕೇಸ್ ವರ್ಗ ಪ್ರತಿ ಪರೀಕ್ಷೆಯನ್ನೂ ಒಂದು ಟ್ರಾನ್ಸಾಕ್ಷನ್ ಒಳಗೆ ನಡೆಸಿ, ಮುಗಿದ ಕೂಡಲೇ ರೋಲ್‌ಬ್ಯಾಕ್ ಮಾಡುತ್ತದೆ, ಅಂದರೆ ಆದ ಬದಲಾವಣೆಗಳನ್ನೆಲ್ಲ ರದ್ದು ಮಾಡುತ್ತದೆ. ಪರೀಕ್ಷೆ ಸೇರಿಸಿದ ಬಳಕೆದಾರ, ಅಪ್ಲಿಕೇಶನ್ ಬದಲಿಸಿದ ಸಾಲು, ಎಲ್ಲವೂ ಒಂದೇ ಸಂಪರ್ಕದಲ್ಲಿ ನಡೆದದ್ದರಿಂದ ಒಂದಕ್ಕೊಂದು ಕಾಣುತ್ತವೆ, ಕೊನೆಗೆ ಒಟ್ಟಿಗೇ ಮಾಯವಾಗುತ್ತವೆ. ಮುಂದಿನ ಪರೀಕ್ಷೆಗೆ ಶುಚಿಯಾದ ಡೇಟಾಬೇಸ್ ಸಿಗುತ್ತದೆ. ಎರಡು ಪ್ರೊಸೆಸ್‌ಗಳ ನಡುವೆ ಇದು ಸಾಧ್ಯವೇ ಇಲ್ಲ.

ಎಕ್ಸೆಪ್ಶನ್ ವಿಷಯವೂ ಹಾಗೆಯೇ. ಅಪ್ಲಿಕೇಶನ್ ಒಳಗೆ ಎದ್ದ ದೋಷ 500ರ ಮುಸುಕು ಹಾಕಿಕೊಳ್ಳದೆ ನೇರವಾಗಿ ಪರೀಕ್ಷೆಯ ಕೈಗೆ ಬರುತ್ತದೆ. ಯಾವ ಸಾಲಿನಲ್ಲಿ ಸೋತಿತು ಎಂಬುದು ಪರೀಕ್ಷಾ ವರದಿಯಲ್ಲೇ ಕಾಣುತ್ತದೆ. ಡಿಬಗರ್ ಹಚ್ಚಿ ಪರೀಕ್ಷೆಯ ಸಾಲಿನಿಂದ ಅಪ್ಲಿಕೇಶನ್ನಿನ ಆಳದವರೆಗೆ ಹೆಜ್ಜೆಹೆಜ್ಜೆಯಾಗಿ ಇಳಿಯಬಹುದು. ಗಡಿಯಾರವನ್ನು ಬೇಕಾದ ದಿನಕ್ಕೆ ನಿಲ್ಲಿಸಬಹುದು. ಅಪ್ಲಿಕೇಶನ್ ಕಳುಹಿಸಿದ ಇಮೇಲ್ ಹೊರಗೆ ಹೋಗದೆ ಒಂದು ಪಟ್ಟಿಯಲ್ಲಿ ಕೂತಿರುವಂತೆ ಮಾಡಿ, ಅದರ ವಿಷಯ ಸಾಲನ್ನು ಓದಬಹುದು. ಉತ್ತರದ ಎಚ್‌ಟಿಎಂಎಲ್ ಮಾತ್ರವಲ್ಲ, ಅದನ್ನು ರಚಿಸಲು ಯಾವ ಟೆಂಪ್ಲೇಟ್ ಬಳಕೆಯಾಯಿತು, ಅದಕ್ಕೆ ಯಾವ ಮೌಲ್ಯಗಳು ಹೋದವು ಎಂಬುದನ್ನೂ ಜಾಂಗೋದ ಕ್ಲೈಂಟ್ ತೋರಿಸುತ್ತದೆ. ಪರೀಕ್ಷೆ ಸೋತಾಗ ಕಾರಣ ಕೂಡಲೇ ತಿಳಿಯಬೇಕು. ಕಾರಣ ಹುಡುಕಲು ಅರ್ಧ ದಿನ ಬೇಕಾಗುವ ಪರೀಕ್ಷೆಗಳನ್ನು ತಂಡಗಳು ಬಹಳ ಬೇಗ ಕಡೆಗಣಿಸತೊಡಗುತ್ತವೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕು. ಸರ್ವರ್ ಇಲ್ಲದ ಪರೀಕ್ಷೆ ಎಂದರೆ ಎಲ್ಲವನ್ನೂ ನಕಲಿ ವಸ್ತುಗಳಿಂದ ಬದಲಿಸಿದ ಪರೀಕ್ಷೆಯಲ್ಲ. ಪರೀಕ್ಷಾ ಕ್ಲೈಂಟ್ ಮೂಲಕ ಹೋದ ಕೋರಿಕೆ ಅಪ್ಲಿಕೇಶನ್ನಿನ ಹೊರಬಾಗಿಲಿನಿಂದಲೇ ಒಳಗೆ ಬರುತ್ತದೆ. ಮಿಡಲ್‌ವೇರ್ (ಪ್ರತಿ ಕೋರಿಕೆಯೂ ಹಾದುಹೋಗುವ ನಡುವಿನ ಪದರ) ದಾಟುತ್ತದೆ, ರೂಟಿಂಗ್ ಅದನ್ನು ಸರಿಯಾದ ಫಂಕ್ಷನ್‌ಗೆ ತಲುಪಿಸುತ್ತದೆ, ಅನುಮತಿಯ ತಪಾಸಣೆ ನಡೆಯುತ್ತದೆ, ಡೇಟಾಬೇಸ್ ಪ್ರಶ್ನೆ ನಿಜವಾಗಿಯೂ ಓಡುತ್ತದೆ, ಟೆಂಪ್ಲೇಟ್ ನಿಜವಾಗಿಯೂ ಪುಟವಾಗುತ್ತದೆ. ಇಲ್ಲದಿರುವುದು ಸಾಗಣೆ ಮಾತ್ರ. ಬೇರೊಂದು ವಿಧಾನವೂ ಇದೆ: ಕೋರಿಕೆಯ ವಸ್ತುವೊಂದನ್ನು ಕಟ್ಟಿ ಒಳಗಿನ ವ್ಯೂ ಫಂಕ್ಷನನ್ನೇ ನೇರವಾಗಿ ಕರೆಯುವುದು. ಜಾಂಗೋದ ರಿಕ್ವೆಸ್ಟ್ ಫ್ಯಾಕ್ಟರಿ ಇದಕ್ಕಾಗಿ ಇದೆ. ಆ ದಾರಿಯಲ್ಲಿ ಮಿಡಲ್‌ವೇರ್ ಓಡುವುದಿಲ್ಲ, ಸೆಶನ್ ಇರುವುದಿಲ್ಲ, ವಿಳಾಸ ಸರಿಯಾದ ಫಂಕ್ಷನ್‌ಗೆ ಜೋಡಿಸಿದೆಯೇ ಎಂಬುದು ತಿಳಿಯುವುದಿಲ್ಲ. ಲಾಗಿನ್ ಇಲ್ಲದವರಿಗೆ ಪುಟ ಕಾಣಬಾರದು ಎಂಬ ನಿಯಮವನ್ನು ಮಿಡಲ್‌ವೇರ್ ಕಾಯುತ್ತಿದ್ದರೆ ಅಂಥ ಪರೀಕ್ಷೆ ಆ ನಿಯಮದ ಬಗ್ಗೆ ಏನನ್ನೂ ಹೇಳದು. ಲೆಕ್ಕಾಚಾರವೊಂದರ ಮೂಲೆಮೂಲೆ ನೋಡಬೇಕಾದಾಗ ಒಳಗಿನ ಫಂಕ್ಷನನ್ನು ಕರೆಯಿರಿ. ಉಳಿದಂತೆ ಹೊರಬಾಗಿಲಿನಿಂದಲೇ ಬನ್ನಿ ಎಂಬುದು ನನ್ನ ಸಲಹೆ.

ಹೊರಬಾಗಿಲಿನ ಪರೀಕ್ಷೆಯನ್ನು ಇನ್ನೂ ಗಟ್ಟಿ ಮಾಡುವ ಉಪಾಯವೊಂದಿದೆ. ಪೋಸ್ಟ್ ಕೋರಿಕೆಯ ಮಾಹಿತಿಯನ್ನು ಪರೀಕ್ಷೆಯಲ್ಲೇ ಬರೆದು ಕಳುಹಿಸಿದರೆ ಪುಟದಲ್ಲಿ ಆ ಫಾರ್ಮ್ ಇದೆಯೇ ಎಂದು ಯಾರೂ ನೋಡುವುದಿಲ್ಲ. ಟೆಂಪ್ಲೇಟ್ ಬರೆದವರು ಒಂದು ಗುಪ್ತ ಕ್ಷೇತ್ರವನ್ನು ಮರೆತಿದ್ದರೂ ಪರೀಕ್ಷೆ ಗೆಲ್ಲುತ್ತದೆ, ಬಳಕೆದಾರ ಸೋಲುತ್ತಾನೆ. ಪೈಥಾನ್‌ನ ವೆಬ್‌ಟೆಸ್ಟ್, ರೂಬಿಯ ಕ್ಯಾಪಿಬಾರಾ ಗ್ರಂಥಾಲಯದ ರ್‍ಯಾಕ್ ಟೆಸ್ಟ್ ಡ್ರೈವರ್ ಮುಂತಾದವು ಮೊದಲು ಪುಟವನ್ನು ತರಿಸಿ, ಅದರ ಎಚ್‌ಟಿಎಂಎಲ್ ಬಿಡಿಸಿ, ಅಲ್ಲಿ ನಿಜವಾಗಿ ಇರುವ ಫಾರ್ಮನ್ನೇ ತುಂಬಿ ಕಳುಹಿಸುತ್ತವೆ. ಕೊಂಡಿ ಪುಟದಲ್ಲಿ ಇದ್ದರೆ ಮಾತ್ರ ಅದನ್ನು ಒತ್ತಲು ಬಿಡುತ್ತವೆ. ಸಾಧಾರಣ ಫಾರ್ಮ್‌ಗಳಿಂದ ಕೂಡಿದ ಅಪ್ಲಿಕೇಶನ್‌ಗೆ ಇದು ಬ್ರೌಸರ್ ಪರೀಕ್ಷೆಯ ಬಹುಪಾಲು ಕೆಲಸವನ್ನು ಬ್ರೌಸರ್ ಇಲ್ಲದೆಯೇ ಮಾಡುತ್ತದೆ.

ಕಾಣದೆ ಉಳಿಯುವುದು

ಬೆಂಚಿನ ಮೇಲೆ ಇಟ್ಟು ಪರೀಕ್ಷಿಸಿದ ಎಂಜಿನ್ ಚೆನ್ನಾಗಿದೆ ಎಂದಮಾತ್ರಕ್ಕೆ ಚಕ್ರಗಳ ಬಗ್ಗೆ ಏನೂ ತಿಳಿದಂತಾಗುವುದಿಲ್ಲ. ಈ ಪರೀಕ್ಷೆಗಳನ್ನು ನಂಬುವವರು ಅವುಗಳ ಕಣ್ಣಿಗೆ ಬೀಳದ ವಿಷಯಗಳನ್ನು ಹೆಸರು ಹಿಡಿದು ಬಲ್ಲವರಾಗಿರಬೇಕು.

ಜಾವಾಸ್ಕ್ರಿಪ್ಟ್ ಮೊದಲನೆಯದು, ಪರೀಕ್ಷಾ ಕ್ಲೈಂಟ್‌ಗೆ ಅದು ಬರೀ ಪಠ್ಯ. ಪುಟ ಬಂದ ಮೇಲೆ ಬ್ರೌಸರಿನಲ್ಲಿ ನಡೆಯುವುದನ್ನು ನೋಡಲು ಬ್ರೌಸರೇ ಬೇಕು. ಇದು ಎಲ್ಲರಿಗೂ ಗೊತ್ತಿರುವ ಮಾತು, ಆದ್ದರಿಂದ ಇಲ್ಲಿ ಅಪಾಯ ಕಡಿಮೆ.

ಅಪಾಯ ಇರುವುದು ಅಪ್ಲಿಕೇಶನ್ ಮುಂದೆ ನಿಂತು ಕೋರಿಕೆಗಳನ್ನು ಮೊದಲು ಪಡೆಯುವ ಪ್ರಾಕ್ಸಿ ಸರ್ವರ್‌ನಲ್ಲಿ. ಅಂಥದ್ದರಲ್ಲಿ ಒಂದಾದ ಎಂಜಿನ್‌ಎಕ್ಸ್ ತಾನಾಗಿ ಒಪ್ಪುವ ಕೋರಿಕೆಯ ಒಡಲಿನ ಮಿತಿ 1 ಎಂಬಿ. ಅದಕ್ಕಿಂತ ದೊಡ್ಡ ಫೈಲ್ ಬಂದರೆ ಅದು 413 (ಒಡಲು ತೀರಾ ದೊಡ್ಡದು) ಎಂದು ಹಿಂದಕ್ಕೆ ಕಳುಹಿಸುತ್ತದೆ, ಅಪ್ಲಿಕೇಶನ್‌ಗೆ ಸುದ್ದಿಯೇ ಮುಟ್ಟುವುದಿಲ್ಲ. ಮೆಮೊರಿಯಲ್ಲಿ ನಡೆದ ಪರೀಕ್ಷೆಯಲ್ಲಿ 5 ಎಂಬಿ ಚಿತ್ರ ಆರಾಮವಾಗಿ ಅಪ್‌ಲೋಡ್ ಆಗಿರುತ್ತದೆ. ಇನ್ನೊಂದು ಉದಾಹರಣೆ ಇದಕ್ಕಿಂತ ಮೋಸದ್ದು. ಹೆಡರಿನ ಹೆಸರಿನಲ್ಲಿ ಅಂಡರ್‌ಸ್ಕೋರ್ ಇದ್ದರೆ ಎಂಜಿನ್‌ಎಕ್ಸ್ ತನ್ನ ಸಹಜ ಸಂರಚನೆಯಲ್ಲಿ ಆ ಹೆಡರನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಡಬ್ಲ್ಯುಎಸ್‌ಜಿಐ ಡಿಕ್ಷನರಿಯಲ್ಲಿ ಹೈಫನ್ ಕೂಡ ಅಂಡರ್‌ಸ್ಕೋರ್ ಆಗುವುದರಿಂದ ಎರಡು ಬಗೆಯ ಹೆಸರುಗಳಿಗೂ ಅಲ್ಲಿ ವ್ಯತ್ಯಾಸವೇ ಕಾಣದು. ಪರೀಕ್ಷೆ ಹಸಿರು, ನಿಜವಾದ ತಾಣದಲ್ಲಿ ದೃಢೀಕರಣದ ಟೋಕನ್ ಬರುವುದೇ ಇಲ್ಲ.

ಅಕ್ಷರಗಳ ಎನ್‌ಕೋಡಿಂಗ್ ಇನ್ನೊಂದು ಸೂಕ್ಷ್ಮ ಜಾಗ. ಪೆಪ್ 3333ರ ಪ್ರಕಾರ ಪಥದ ಬೈಟ್‌ಗಳನ್ನು ಲ್ಯಾಟಿನ್-1 ಎಂದು ಓದಿ ಡಿಕ್ಷನರಿಯಲ್ಲಿ ಇಡಬೇಕು; ಅವುಗಳನ್ನು ಮತ್ತೆ ಬೈಟ್‌ಗಳಾಗಿಸಿ ಯುಟಿಎಫ್-8 ಎಂದು ಓದುವುದು ಫ್ರೇಮ್‌ವರ್ಕಿನ ಕೆಲಸ. ‘ಕ’ ಎಂಬ ಒಂದಕ್ಷರ ಯುಟಿಎಫ್-8ರಲ್ಲಿ 224, 178, 149 ಎಂಬ ಮೂರು ಬೈಟ್‌ಗಳು. ಆದ್ದರಿಂದ ನಿಜವಾದ ಸರ್ವರ್ ಕೊಡುವ ಡಿಕ್ಷನರಿಯ ಪಥದಲ್ಲಿ ಅದು ಮೂರು ವಿಚಿತ್ರ ಚಿಹ್ನೆಗಳಾಗಿ ಕೂತಿರುತ್ತದೆ. ಡಿಕ್ಷನರಿಯನ್ನು ಕೈಯಿಂದ ಕಟ್ಟಿ ಪಥದಲ್ಲಿ ನೇರವಾಗಿ ‘ಕ’ ಎಂದು ಬರೆದವರು, ಯಾವ ಸರ್ವರೂ ಎಂದಿಗೂ ಕಳುಹಿಸದ ಕೋರಿಕೆಯನ್ನು ಪರೀಕ್ಷಿಸುತ್ತಿದ್ದಾರೆ. ಫ್ರೇಮ್‌ವರ್ಕಿನ ಕ್ಲೈಂಟ್ ಇದನ್ನು ಸರಿಯಾಗಿ ನಿಭಾಯಿಸುತ್ತದೆ. ಸ್ವಂತ ಕ್ಲೈಂಟ್ ಬರೆಯದಿರಲು ಇದೊಂದೇ ಕಾರಣ ಸಾಕು.

ಪರೀಕ್ಷಾ ಕ್ಲೈಂಟ್‌ಗಳು ಅನುಕೂಲಕ್ಕಾಗಿ ಮಾಡಿಕೊಂಡ ರಿಯಾಯಿತಿಗಳೂ ಇವೆ. ಜಾಂಗೋದ ಕ್ಲೈಂಟ್ ಸಿಎಸ್‌ಆರ್‌ಎಫ್ (ಬೇರೆ ತಾಣವೊಂದು ಬಳಕೆದಾರನ ಹೆಸರಿನಲ್ಲಿ ಕಳುಹಿಸುವ ಕಳ್ಳ ಕೋರಿಕೆ) ತಪಾಸಣೆಯನ್ನು ತಾನಾಗಿ ಸಡಿಲಿಸುತ್ತದೆ. ಫಾರ್ಮಿನಲ್ಲಿ ಆ ಟೋಕನ್ ಮರೆತಿದ್ದರೆ ಪರೀಕ್ಷೆ ಹಿಡಿಯುವುದಿಲ್ಲ, ಕ್ಲೈಂಟ್ ಕಟ್ಟುವಾಗಲೇ ತಪಾಸಣೆ ಬೇಕೆಂದು ಹೇಳಬೇಕು. ಕುಕಿಗಳ ವಿಷಯದಲ್ಲಿ ಕ್ಲೈಂಟ್‌ಗಳ ನಡತೆ ಒಂದೇ ತೆರನಲ್ಲ. ‘ಸೆಕ್ಯೂರ್’ ಗುರುತಿರುವ ಕುಕಿಯನ್ನು ಸಾದಾ ಎಚ್‌ಟಿಟಿಪಿ ಕೋರಿಕೆಯೊಡನೆಯೂ ಜಾಂಗೋದ ಕ್ಲೈಂಟ್ ಕಳುಹಿಸಿಬಿಡುತ್ತದೆ. ಪೈಥಾನ್‌ನ ಇನ್ನೊಂದು ಫ್ರೇಮ್‌ವರ್ಕ್ ಆದ ಸ್ಟಾರ್ಲೆಟ್‌ನ ಕ್ಲೈಂಟ್ ಕಳುಹಿಸುವುದಿಲ್ಲ. ಲಾಗಿನ್ ಆದ ಮರುಕ್ಷಣ ಬಳಕೆದಾರ ಅಪರಿಚಿತನಾಗುವ ವಿಚಿತ್ರ ಸೋಲಿಗೆ ಕಾರಣ ಬಹಳ ಸಲ ಇದೇ ಆಗಿರುತ್ತದೆ. ಮೂಲ ವಿಳಾಸವನ್ನು ಎಚ್‌ಟಿಟಿಪಿಎಸ್ ಎಂದು ಬದಲಿಸಿದರೆ ಸರಿಹೋಗುತ್ತದೆ.

ಮೇಲೆ ಹೊಗಳಿದ ಟ್ರಾನ್ಸಾಕ್ಷನ್ ತಂತ್ರಕ್ಕೂ ಬೆಲೆ ತೆರಬೇಕು. ಕಮಿಟ್ ಆದ ಮೇಲೆ ಇಮೇಲ್ ಕಳುಹಿಸು ಎಂದು ಅಪ್ಲಿಕೇಶನ್ ನೋಂದಾಯಿಸಿಟ್ಟ ಕೆಲಸ, ಕಮಿಟ್ ಎಂಬುದೇ ಆಗದ ಪರೀಕ್ಷೆಯಲ್ಲಿ ಓಡುವುದೇ ಇಲ್ಲ. ಅಂಥ ಕೆಲಸಗಳನ್ನು ಹಿಡಿದು ಓಡಿಸುವ ಸೌಲಭ್ಯವನ್ನು ಜಾಂಗೋ 3.2ರಲ್ಲಿ ಸೇರಿಸಿತು. ಸ್ಪ್ರಿಂಗ್‌ನ ಮಾಕ್ ಎಂವಿಸಿಯಲ್ಲಿ ಜೆಎಸ್‌ಪಿ (ಜಾವಾದ ಒಂದು ಬಗೆಯ ಟೆಂಪ್ಲೇಟ್) ಪುಟ ರಚನೆಯಾಗುವುದಿಲ್ಲ. ಯಾವ ಪುಟಕ್ಕೆ ಕೋರಿಕೆ ಹೋಗಬೇಕಿತ್ತು ಎಂಬುದಷ್ಟೇ ದಾಖಲಾಗುತ್ತದೆ, ಏಕೆಂದರೆ ಜೆಎಸ್‌ಪಿಯನ್ನು ಓಡಿಸುವುದು ಸರ್ವ್‌ಲೆಟ್ ಕಂಟೇನರ್ ಎಂಬ ಜಾವಾ ಸರ್ವರ್. ಅಸಿಂಕ್ರೋನಸ್ ಪೈಥಾನ್ ಬಳಸುವವರು ಎಎಸ್‌ಜಿಐ (ಡಬ್ಲ್ಯುಎಸ್‌ಜಿಐನ ಅಸಿಂಕ್ರೋನಸ್ ರೂಪ) ಒಪ್ಪಂದದ ಲೈಫ್‌ಸ್ಪ್ಯಾನ್ (ಅಪ್ಲಿಕೇಶನ್ ಏಳುವ, ನಿಲ್ಲುವ) ಘಟನೆಗಳನ್ನು ಮರೆಯಬಾರದು. ಅಪ್ಲಿಕೇಶನ್ ಎದ್ದಾಗ ಡೇಟಾಬೇಸ್ ಸಂಪರ್ಕ ತೆರೆಯುವಂಥ ಕೆಲಸ ಅಲ್ಲಿ ನಡೆಯುತ್ತದೆ. ಸ್ಟಾರ್ಲೆಟ್ ಕ್ಲೈಂಟನ್ನು ‘ವಿತ್’ ಖಂಡದೊಳಗೆ ಬಳಸಿದರೆ ಮಾತ್ರ ಅವು ಓಡುತ್ತವೆ. ಕೋರಿಕೆ ಕಳುಹಿಸುವ ಪೈಥಾನ್ ಗ್ರಂಥಾಲಯವಾದ ಎಚ್‌ಟಿಟಿಪಿಎಕ್ಸ್‌ನ ಎಎಸ್‌ಜಿಐ ಸಾಗಣೆ ಅವುಗಳನ್ನು ಓಡಿಸುವುದೇ ಇಲ್ಲ.

ಕೊನೆಯದಾಗಿ, ಪರೀಕ್ಷೆಯಲ್ಲಿ ಪ್ರೊಸೆಸ್ ಒಂದೇ, ನಿಜವಾದ ತಾಣದಲ್ಲಿ ಹಲವು. ಗ್ಲೋಬಲ್ ವೇರಿಯಬಲ್‌ನಲ್ಲಿ ಇಟ್ಟ ಲೆಕ್ಕ ಪರೀಕ್ಷೆಯಲ್ಲಿ ಕೋರಿಕೆಯಿಂದ ಕೋರಿಕೆಗೆ ಸರಿಯಾಗಿ ಏರುತ್ತದೆ. ನಾಲ್ಕು ವರ್ಕರ್ ಪ್ರೊಸೆಸ್‌ಗಳಿರುವ ತಾಣದಲ್ಲಿ ನಾಲ್ಕು ಬೇರೆ ಬೇರೆ ಲೆಕ್ಕಗಳು ಓಡುತ್ತಿರುತ್ತವೆ.

ಅಪ್ಲಿಕೇಶನನ್ನು ಸಿದ್ಧಗೊಳಿಸುವುದು

ಹಳೆಯ ಅಪ್ಲಿಕೇಶನ್‌ಗೆ ಇಂಥ ಪರೀಕ್ಷೆ ಬರೆಯಲು ಹೊರಟವರಿಗೆ ಎದುರಾಗುವ ಮೊದಲ ಅಡ್ಡಿ ಒಂದೇ: ಅಪ್ಲಿಕೇಶನ್ ಕಟ್ಟುವ ಕೋಡ್ ಮತ್ತು ಅದನ್ನು ಓಡಿಸುವ ಕೋಡ್ ಒಂದೇ ಫೈಲಿನಲ್ಲಿ ಹೆಣೆದುಕೊಂಡಿರುತ್ತವೆ. ಆ ಫೈಲನ್ನು ಇಂಪೋರ್ಟ್ ಮಾಡಿದ ಕೂಡಲೇ ಸರ್ವರ್ ಎದ್ದು ಪೋರ್ಟ್ ಹಿಡಿಯುತ್ತದೆ. ಪೋರ್ಟ್ ತೆರೆಯುವ ಸಾಲನ್ನು ಬೇರೆ ಫೈಲಿಗೆ ಸರಿಸಬೇಕು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಂರಚನೆಯನ್ನು ಆರ್ಗ್ಯುಮೆಂಟ್ ಆಗಿ ಪಡೆದು ಹೊಸ ಅಪ್ಲಿಕೇಶನ್ ವಸ್ತುವನ್ನು ಕಟ್ಟಿಕೊಡುವ ಫಂಕ್ಷನ್ ಬರೆದರೆ ಪ್ರತಿ ಪರೀಕ್ಷೆಯೂ ತನಗೆ ಬೇಕಾದ ಡೇಟಾಬೇಸ್, ತನಗೆ ಬೇಕಾದ ಸೆಟ್ಟಿಂಗ್‌ಗಳೊಡನೆ ತನ್ನದೇ ಅಪ್ಲಿಕೇಶನ್ ಪಡೆಯುತ್ತದೆ. ಫ್ಲಾಸ್ಕ್ ಬಳಸುವವರು ಇದನ್ನು ಅಪ್ಲಿಕೇಶನ್ ಫ್ಯಾಕ್ಟರಿ ಎನ್ನುತ್ತಾರೆ. ಡೇಟಾಬೇಸ್ ಮಾತ್ರ ನಿಜವಾದ ತಾಣದಲ್ಲಿ ಬಳಸುವ ಬಗೆಯದ್ದೇ ಆಗಿರಲಿ. ಅಲ್ಲಿ ಪೋಸ್ಟ್‌ಗ್ರೆಸ್ ಇದ್ದು ಇಲ್ಲಿ ಎಸ್‌ಕ್ಯೂಲೈಟ್ ಇದ್ದರೆ ಉಳಿದ ಎಚ್ಚರಗಳೆಲ್ಲ ವ್ಯರ್ಥವಾಗಬಹುದು.

ಇನ್ನು ಅಪ್ಲಿಕೇಶನ್ ತಾನೇ ಹೊರಗಿನ ಸೇವೆಗಳನ್ನು ಕರೆಯುತ್ತಿದ್ದರೆ? ಅಲ್ಲೂ ಇದೇ ತತ್ತ್ವ ನಡೆಯುತ್ತದೆ. ಎಚ್‌ಟಿಟಿಪಿಎಕ್ಸ್ ಕ್ಲೈಂಟಿನಲ್ಲಿ ಸಾಗಣೆಯ ಪದರವನ್ನು ಬದಲಿಸಬಹುದು. ಹೊರಗಿನ ಪಾವತಿ ಸೇವೆಯಂತೆ ನಟಿಸುವ ಪುಟ್ಟ ಅಪ್ಲಿಕೇಶನ್ ಒಂದನ್ನು ಬರೆದು ಆ ಪದರಕ್ಕೆ ಜೋಡಿಸಿದರೆ ಎರಡು ಅಪ್ಲಿಕೇಶನ್‌ಗಳು ಒಂದೇ ಪ್ರೊಸೆಸ್‌ನಲ್ಲಿ, ಯಾವ ಪೋರ್ಟೂ ಇಲ್ಲದೆ ಮಾತನಾಡಿಕೊಳ್ಳುತ್ತವೆ. ಪಾವತಿ ನಿರಾಕರಣೆಯಾದಾಗ, ಉತ್ತರ ಅರ್ಧಂಬರ್ಧ ಬಂದಾಗ ನಮ್ಮ ಕೋಡ್ ಏನು ಮಾಡುತ್ತದೆ ಎಂಬುದನ್ನು ಹೀಗೆ ಬೇಕೆಂದಾಗ ನೋಡಬಹುದು. ನಿಜವಾದ ಸೇವೆ ನಮ್ಮ ಇಷ್ಟಕ್ಕೆ ಕೆಟ್ಟು ನಿಲ್ಲುವುದಿಲ್ಲ.

ಪ್ರಾಕ್ಸಿ, ಜಾವಾಸ್ಕ್ರಿಪ್ಟ್, ಎಚ್‌ಟಿಟಿಪಿಎಸ್ ಪ್ರಮಾಣಪತ್ರಗಳಿಗಾಗಿ ಸರ್ವರ್ ಬೇಕಾದ ಕೆಲವು ಪರೀಕ್ಷೆಗಳು ಉಳಿದೇ ಉಳಿಯುತ್ತವೆ. ಅವುಗಳನ್ನು ಬೆರಳೆಣಿಕೆಯಷ್ಟಕ್ಕೆ ನಿಲ್ಲಿಸಿ, ಒಂದೊಂದನ್ನೂ ಒಂದು ನಿರ್ದಿಷ್ಟ ಕಾರಣಕ್ಕೆ ಬರೆಯಿರಿ: ಲಾಗಿನ್ ಹರಿವು ಬ್ರೌಸರಿನಲ್ಲಿ ಕೊನೆಮುಟ್ಟುತ್ತದೆಯೇ, ದೊಡ್ಡ ಫೈಲ್ ಪ್ರಾಕ್ಸಿ ದಾಟುತ್ತದೆಯೇ ಎಂಬಂತೆ. ಆಗ ಪೋರ್ಟ್ ಸಂಖ್ಯೆ 0 ಕೊಟ್ಟು ಖಾಲಿ ಇರುವ ಪೋರ್ಟನ್ನು ಆಪರೇಟಿಂಗ್ ಸಿಸ್ಟಮ್ಮೇ ಆರಿಸುವಂತೆ ಮಾಡಿ. ನಿಗದಿತ ಸೆಕೆಂಡ್ ಕಾಯುವ ಬದಲು ಸಂಪರ್ಕ ಸಿಗುವವರೆಗೆ ಮತ್ತೆ ಮತ್ತೆ ಯತ್ನಿಸಿ. ಜಾಂಗೋದಲ್ಲಿ ಲೈವ್ ಸರ್ವರ್ ಟೆಸ್ಟ್‌ಕೇಸ್ ಈ ಕೆಲಸಗಳನ್ನು ತಾನೇ ನೋಡಿಕೊಳ್ಳುತ್ತದೆ. ಪರ್ಲ್‌ನ ಪ್ಲ್ಯಾಕ್ ಟೆಸ್ಟ್ ಇನ್ನೂ ಚೆಂದದ ದಾರಿ ತೋರಿಸಿದೆ: ಅಲ್ಲಿ ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್ ಬದಲಿಸಿದರೆ ಅವೇ ಪರೀಕ್ಷೆಗಳು, ಒಂದಕ್ಷರವೂ ಬದಲಾಗದೆ, ಮೆಮೊರಿಯ ಬದಲು ನಿಜವಾದ ಸರ್ವರ್ ಮೇಲೆ ನಡೆಯುತ್ತವೆ. ಕೋಡ್ ಬರೆಯುವಾಗ ಕ್ಷಣಕ್ಷಣಕ್ಕೂ ಸರ್ವರ್ ಇಲ್ಲದೆ, ಬಿಡುಗಡೆಗೆ ಮುನ್ನ ಒಮ್ಮೆ ಸರ್ವರ್ ಸಹಿತ ಓಡಿಸಿದರೆ, ಎರಡರ ಫಲಿತಾಂಶ ಎಲ್ಲಿ ಬೇರೆಯಾಗುತ್ತದೋ ಅಲ್ಲಿ ಹುಡುಕಬೇಕಾದ್ದು ಅಪ್ಲಿಕೇಶನ್ ಮತ್ತು ಸರ್ವರ್ ನಡುವಿನ ಗೆರೆಯ ಆಸುಪಾಸಿನಲ್ಲೇ ಎಂದು ಖಚಿತವಾಗಿ ತಿಳಿಯುತ್ತದೆ.